ಓದಕ್ಕನ ಕೊನೆಯ ಪುಸ್ತಕ

ನನ್ನ ಅಕ್ಕ ಯೂನಿವರ್ಸಿಟಿಯಲ್ಲಿ ರೀಡರ್ ಎಂದು ನಾನು ಹೇಳಿದರೆ ಜನ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಿದ್ದರು. ರೀಡರ್ ಎಂದರೆ ಪ್ರೊಫೆಸರಿಗಿಂತ ಒಂದೇ ಮೆಟ್ಟಿಲು ಕೆಳಗೆ ತಾನೇ? ನಾನೂ ಬೇಕೆಂದೇ ಅಲ್ಲಿಗೆ ಮಾತು ನಿಲ್ಲಿಸುತ್ತಿದ್ದೆ. ಅಕ್ಕ ಪಕ್ಕದಲ್ಲಿದ್ದರೆ ನನ್ನ ತೊಡೆ ಚಿವುಟಿ, "ಸುಮ್ನಿರೇ, ನಾನು ಬರೀ ಓದೋವಳು" ಎನ್ನುತ್ತಿದ್ದಳು. ಅದೇ ನಿಜ. ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕಗಳನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿಡುವುದು ಅವಳ ಕೆಲಸ. ಆ ಮಕ್ಕಳು ಅವಳಿಗೆ ಇಟ್ಟ ಹೆಸರು ಓದಕ್ಕ. ಕೊನೆಕೊನೆಗೆ ಗ್ರಂಥಾಲಯದ ದೊಡ್ಡ ಸಾಹೇಬರೂ ಹಾಗೇ ಕರೆಯುತ್ತಿದ್ದರು.

ಗ್ರಂಥಾಲಯದ ಮೆಟ್ಟಿಲ ಕೆಳಗೆ ಅವಳ ಕೋಣೆ. ಗೋಡೆಗಳಿಗೆಲ್ಲ ಹಳೆಯ ಕಂಬಳಿ ಬಡಿದಿದ್ದರು, ದನಿ ಗುಂಯ್‌ಗುಡಬಾರದೆಂದು. ಬಾಗಿಲ ಸಂದಿಗೆ ಬಟ್ಟೆ ತುರುಕಬೇಕು. ಫ್ಯಾನ್ ಹಾಕುವಂತಿಲ್ಲ, ಅದರ ಸದ್ದು ಮೈಕಿನೊಳಕ್ಕೆ ಹೋಗುತ್ತದೆ. ಹೀಗೆ ಬೆವರು ಒರೆಸಿಕೊಳ್ಳುತ್ತಾ ಅವಳು ಓದುತ್ತಿದ್ದುದು ಹೆಚ್ಚಾಗಿ ರಜೆಯಲ್ಲೇ. ಮೇಷ್ಟ್ರುಗಳೆಲ್ಲ ಊರು ಸುತ್ತಲು ಹೋದ ಮೇಲೆ ಇವಳಿಗೆ ಕೈತುಂಬ ಕೆಲಸ. ಹೊಸ ಸೆಮಿಸ್ಟರ್ ಶುರುವಾಗುವ ಹೊತ್ತಿಗೆ ಪುಸ್ತಕ ಮಕ್ಕಳ ಕಿವಿಗೆ ಸಿದ್ಧವಾಗಿರಬೇಕು. ತಡವಾದರೆ ಉಳಿದವರು ಮೂರನೇ ಪಾಠದಲ್ಲಿರುವಾಗ ಇವರು ಮೊದಲನೇ ಪುಟದಲ್ಲಿ ತಡವರಿಸುತ್ತಿರುತ್ತಾರೆ.

"ಈಗ ಮೊಬೈಲೇ ಓದುತ್ತಂತಲ್ಲೇ, ನೀನ್ಯಾಕೆ ಗಂಟಲು ಹರಕೊಳ್ತೀಯ?" ಎಂದು ಒಂದು ಸಲ ಕೇಳಿದ್ದೆ.

"ಓದುತ್ತೆ. ಆದರೆ ನಕ್ಷೆ ಬಂದ್ರೆ ಬಾಯಿ ಮುಚ್ಕೊಳ್ಳುತ್ತೆ. ಆ ಮಕ್ಕಳು ಎಡವೋದೇ ಅಲ್ಲಿ" ಎಂದಳು.

ಅವಳು ನಕ್ಷೆ ಓದುವುದನ್ನು ನಾನು ಕೇಳಿದ್ದೇನೆ. "ಎಡಗಡೆ ಮೇಲಿನಿಂದ ಬಲಗಡೆ ಕೆಳಕ್ಕೆ ಒಂದು ಗೆರೆ ಇಳಿಯುತ್ತದೆ, ಪಾರ್ಕಿನ ಜಾರುಬಂಡೆಯ ಹಾಗೆ" ಎಂದು ನಿಧಾನವಾಗಿ ಹೇಳುತ್ತಿದ್ದಳು. ಅಷ್ಟನ್ನು ಬಿಟ್ಟರೆ ತನ್ನದೆಂದು ಒಂದು ಮಾತೂ ಸೇರಿಸುತ್ತಿರಲಿಲ್ಲ. ಕೆಮ್ಮು ಬಂದರೆ ನಿಲ್ಲಿಸಿ ಆ ವಾಕ್ಯವನ್ನು ಮತ್ತೆ ಓದುವಳು. ಆಕಳಿಕೆ, ನೀರು ಗುಟುಕರಿಸಿದ ಸದ್ದು, ನಾಲಿಗೆ ತಡವರಿಸಿದಾಗ ಬಾಯಿಗೆ ಬಂದ "ಅಯ್ಯೋ", ಎಲ್ಲವನ್ನೂ ಸಂಜೆ ಕೂತು ಕತ್ತರಿಸಿ ತೆಗೆಯುವಳು. "ಪರೀಕ್ಷೆಗೆ ಓದೋ ಮಗೂಗೆ ನನ್ನ ಕೆಮ್ಮು ಯಾಕೆ ಬೇಕು?" ಎನ್ನುವಳು. ಮನೆಯಲ್ಲೂ ಅವಳು ಹಾಗೆಯೇ. ತನ್ನ ಬಗ್ಗೆ ತುಟಿ ಪಿಟಕ್ಕೆನ್ನುವ ಹೆಂಗಸಲ್ಲ.

ಆದ್ದರಿಂದಲೇ ಗಂಟಲು ಒಡೆದದ್ದು ನಮಗೆ ತಡವಾಗಿ ಗೊತ್ತಾಯಿತು. ಓದಿ ಓದಿ ಹೀಗಾಗಿದೆ ಎಂದುಕೊಂಡೆವು. ಭಾವ ಬಸ್ ಡ್ರೈವರ್, ಅವರಿಗೆ ಲೋಕವೆಲ್ಲ ಬಸ್ಸೇ. "ಟೈರ್ ಸವೆದಿದೆ, ಹೊಸದು ಹಾಕ್ಸಿದ್ರೆ ಸರಿಹೋಗುತ್ತೆ" ಎಂದು ನಗಾಡಿದರು. ಅಕ್ಕನೂ ನಕ್ಕಳು. ಆ ನಗು ಹರಿದ ಬಟ್ಟೆಯ ಹಾಗೆ ಪರಪರ ಎಂದಿತು. ಮಾರನೆಯ ದಿನವೇ ನಾನು ನನ್ನ ಹೊಲಿಗೆ ಮೆಷಿನ್ನಿಗೆ ಮುಸುಕು ಹಾಕಿ ಅವಳನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ.

ಧ್ವನಿಪೆಟ್ಟಿಗೆಯಲ್ಲಿ ಗಡ್ಡೆ, ಕೆಟ್ಟ ಗಡ್ಡೆ. ಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ಜೀವಕ್ಕೆ ಭಯವಿಲ್ಲ, ಕತ್ತಿನಲ್ಲಿ ಒಂದು ತೂತು ಮಾಡುತ್ತೇವೆ, ಅದರಿಂದ ಉಸಿರಾಡಬಹುದು, ಆದರೆ ಮಾತು ಇರುವುದಿಲ್ಲ. ಇದನ್ನೆಲ್ಲ ಅವರು ನನಗೆ ಹೇಳುತ್ತಿದ್ದರು, ಅಕ್ಕ ಅಲ್ಲೇ ಕೂತಿದ್ದಳು. ಕೊನೆಗೆ ಅವಳು ಒಂದೇ ಪ್ರಶ್ನೆ ಕೇಳಿದಳು. "ಕಾಲೇಜು ಶುರುವಾಗೋವರೆಗೂ ತಡೀಬಹುದಾ ಡಾಕ್ಟ್ರೇ?"

ಡಾಕ್ಟರು ಕ್ಯಾಲೆಂಡರ್ ನೋಡಿ ಕಾಲೇಜು ತೆರೆಯುವ ವಾರಕ್ಕೇ ಆಪರೇಷನ್ ಬರೆದುಕೊಂಡರು. ಅಲ್ಲಿಯತನಕ ಮಾತು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು, ದಿನಕ್ಕೊಂದು ಗಂಟೆ ಮೀರಬಾರದು ಎಂದೂ ಹೇಳಿದರು. ಅಂದರೆ ದಿನಕ್ಕೆ ಗಂಟೆಯಷ್ಟು ಧ್ವನಿ ಉಳಿದಿತ್ತು. ಅದು ಯಾರಿಗೆ ಎನ್ನುವುದೇ ಆಮೇಲೆ ಮನೆಯಲ್ಲಿ ಜಗಳವಾಯಿತು.

ಅಕ್ಕನಿಗೆ ಒಬ್ಬಳೇ ಮಗಳು. ಅವಳು ಆಗ ತುಂಬಿದ ಬಸುರಿ. ಸುದ್ದಿ ಕೇಳಿದ್ದೇ ಗಂಡನ ಮನೆಯಿಂದ ಓಡಿಬಂದಳು. ಎರಡು ದಿನ ಅತ್ತಳು, ಮೂರನೆಯ ದಿನ ಮುಖ ತೊಳೆದುಕೊಂಡು ಬಂದು ಅಮ್ಮನ ಮುಂದೆ ಮೊಬೈಲ್ ಇಟ್ಟಳು.

"ಅಮ್ಮಾ, ಮಗೂಗೆ ಒಂದು ಕಥೆ ಹೇಳಿಡು. ನಂಗೆ ಹೇಳ್ತಿದ್ಯಲ್ಲ, ಬಾವಿಗೆ ಬಿದ್ದ ಚಂದ್ರನ್ನ ಎತ್ತೋಕೆ ಹೋದ ಮುದುಕಿ ಕಥೆ. ಅದೊಂದೇ ಸಾಕು. ನಿನ್ನ ಧ್ವನಿ ಹೇಗಿತ್ತು ಅಂತ ನಾನು ಅದಕ್ಕೆ ಬಾಯಲ್ಲಿ ಹೇಳೋಕಾಗುತ್ತಾ?"

ಅಕ್ಕ ಮಗಳ ಕೆನ್ನೆ ಸವರಿ, "ಪುಸ್ತಕ ಒಂದು ಮುಗೀಲಿ ಪುಟ್ಟಿ, ಆಮೇಲೆ ಹೇಳ್ತೀನಿ" ಎಂದಳು.

ಪುಸ್ತಕ ಯಾವುದೆಂದರೆ ಅರ್ಥಶಾಸ್ತ್ರ, ಮೊದಲನೆಯ ಭಾಗ. ಬಸ್ಸಿನಲ್ಲಿ ತಲೆದಿಂಬಿಗೆ ಆಗುವಷ್ಟು ದಪ್ಪ. ಒಬ್ಬ ಹುಡುಗಿಗಾಗಿ ಓದಬೇಕಿತ್ತು. ಹಿಂದಿನ ಸಲ ಅವಳಿಗೆ ಪುಸ್ತಕ ಸಿಕ್ಕಿದ್ದೇ ಪರೀಕ್ಷೆಯ ಹೊಸ್ತಿಲಲ್ಲಿ, ಪಾಪ, ಫೇಲಾಗಿದ್ದಳು. ಈ ಸಲವೂ ಹೋದರೆ ಸೀಟೇ ಹೋಗುತ್ತಿತ್ತು. ಅವಳು ರಜೆಗೆಂದು ತನ್ನ ಊರಿಗೆ ಹೋಗಿದ್ದಳು, ಇಲ್ಲಿಯದೊಂದೂ ಅವಳಿಗೆ ಗೊತ್ತಿರಲಿಲ್ಲ.

ನನಗೆ ಮೂಗಿನ ತುದಿಯಲ್ಲೇ ಕೋಪ. ಆವತ್ತು ಮೈಯೆಲ್ಲ ಉರಿಯಿತು. ಅಡುಗೆಮನೆಗೆ ಹೋಗಿ ಅಕ್ಕನನ್ನು ತರಾಟೆಗೆ ತೆಗೆದುಕೊಂಡೆ. "ಹೆತ್ತ ಮಗಳಿಗಿಂತ ಯಾರದೋ ಮನೆ ಹುಡುಗಿ ಹೆಚ್ಚಾದಳೇನೇ ನಿಂಗೆ? ಯೂನಿವರ್ಸಿಟಿಯೋರು ನಿನ್ನ ಹೆಸರಲ್ಲಿ ಕಟ್ಟಡ ಕಟ್ತಾರಾ?"

ಅವಳು ಸೊಪ್ಪು ಬಿಡಿಸುತ್ತಿದ್ದಳು. ಕೈ ನಿಲ್ಲಿಸದೆ ಪಿಸುದನಿಯಲ್ಲಿ ಹೇಳಿದಳು. "ಇವಳಿಗೆ ಅಪ್ಪ ಇದ್ದಾನೆ, ಗಂಡ ಇದ್ದಾನೆ, ಬಾಯಿಬಡುಕಿ ನೀನಿದ್ದೀಯ. ಆ ಹುಡುಗಿಗೆ ಈ ರಜೇಲಿ ಓದಿಕೊಡೋರು ಇನ್ಯಾರಿದ್ದಾರೆ?" ಬಿಡಿಸಿದ ಸೊಪ್ಪನ್ನು ನೀರಿಗೆ ಹಾಕುತ್ತಾ, "ಕಥೆ ಹೇಳೋಕೆ ಕೂತ್ರೆ ಅಳು ಬರುತ್ತೆ ಕಣೇ. ಬೆಲೆ, ಬೇಡಿಕೆ ಅಂತ ಓದ್ತಾ ಇದ್ರೆ ಬರಲ್ಲ" ಎಂದಳು.

ಮಾರನೆಯ ದಿನದಿಂದ ಬಿಸಿನೀರಿನ ಫ್ಲಾಸ್ಕ್ ಹಿಡಿದು ನಾನೂ ಅವಳ ಹಿಂದೆ ಆ ಕೋಣೆಗೆ ಹೋಗತೊಡಗಿದೆ. ಉಸಿರು ಬಿಗಿಹಿಡಿದು ಮೂಲೆಯಲ್ಲಿ ಕೂತಿರುತ್ತಿದ್ದೆ. ಮೇಲಿನ ಮೆಟ್ಟಿಲುಗಳಲ್ಲಿ ಹೊಸ ಸೆಮಿಸ್ಟರಿಗೆಂದು ಬೆಂಚುಗಳನ್ನು ದರದರ ಎಳೆಯುತ್ತಿದ್ದರು. ಆಗೆಲ್ಲ ಓದು ನಿಲ್ಲಿಸಬೇಕು. ನಾನು ಹೊರಗೆ ಹೋಗಿ ಆ ಆಳುಗಳನ್ನು ಬೈದು ಬರುತ್ತಿದ್ದೆ, ಅಷ್ಟಾದರೂ ನನ್ನಿಂದ ಉಪಕಾರ. ಒಂದು ಪುಟಕ್ಕೆ ಮೂರು ನಾಲ್ಕು ಸಲ ಅವಳ ಧ್ವನಿ ಕೈಕೊಡುತ್ತಿತ್ತು. ನೀರು ಕುಡಿದು, ಕಣ್ಣು ಮುಚ್ಚಿ, ಗಂಟಲಿಗೆ ಬೆಚ್ಚಗೆ ಕೈಯಿಟ್ಟುಕೊಂಡು ಕಾಯುವಳು. ಆಮೇಲೆ ಆ ಒಡೆದ ಗಂಟಲಿನಿಂದ ಅದೆಲ್ಲಿಂದಲೋ ಸ್ವಚ್ಛವಾದ ದನಿ ಹೊರಡುವುದು. "ಬೇಡಿಕೆಯ ಸ್ಥಿತಿಸ್ಥಾಪಕತ್ವ" ಎಂಬ ನಾಲಿಗೆ ಮುರಿಯುವ ಪದವನ್ನು ಅವಳು ಎಷ್ಟು ಸಲ ಓದಿದಳೋ ಲೆಕ್ಕವಿಲ್ಲ. ಅದನ್ನು ಕಂಡುಹಿಡಿದವನಿಗೆ ನಾನು ದಿನಾ ಶಾಪ ಹಾಕುತ್ತಿದ್ದೆ.

ಮನೆಯಲ್ಲಿ ಅವಳು ಬಾಯಿಗೆ ಬೀಗ ಹಾಕಿಕೊಂಡಿರುತ್ತಿದ್ದಳು. ಉಪ್ಪು ಬೇಕಾದರೂ ಕೈಸನ್ನೆ. ಮಗಳು ಅದನ್ನು ನೋಡುತ್ತಿದ್ದಳು, ಮುಖ ಊದಿಸಿಕೊಂಡು ಎದ್ದು ಹೋಗುತ್ತಿದ್ದಳು. ಭಾವ ಇಬ್ಬರ ನಡುವೆ ತಟ್ಟೆ ನೋಡಿಕೊಂಡು ಊಟ ಮಾಡುತ್ತಿದ್ದರು.

ಕೊನೆಗೂ ಒಂದು ಸಂಜೆ ಪುಸ್ತಕ ಮುಗಿಯಿತು. ಆಪರೇಷನ್ನಿಗೆ ಇನ್ನೂ ಎರಡು ವಾರವಿತ್ತು. ಅಕ್ಕ ಮನೆಗೆ ಬಂದವಳೇ ಮಗಳ ಪಕ್ಕ ಕೂತು, ಅವಳ ಹೊಟ್ಟೆಯ ಮೇಲೆ ಕೈಯಿಟ್ಟಳು. "ನಾಳೆ ಬೆಳಿಗ್ಗೆ ಹೇಳ್ತೀನಿ ಪುಟ್ಟಿ. ಇವತ್ತು ಗಂಟಲು ಉರೀತಿದೆ." ಮಗಳ ಮುಖ ಎಷ್ಟೋ ದಿನಗಳ ಮೇಲೆ ಅರಳಿತು. ಮೊಬೈಲಿಗೆ ಚಾರ್ಜ್ ಹಾಕಿಟ್ಟು ಮಲಗಿದಳು.

ಬೆಳಿಗ್ಗೆ ಅಕ್ಕ ಬಚ್ಚಲಿನಿಂದ ಹೊರಗೆ ಬರಲಿಲ್ಲ. ಭಾವ ಬಾಗಿಲು ತಳ್ಳಿದರೆ, ಗೋಡೆ ಹಿಡಿದು ನಿಂತಿದ್ದಾಳೆ, ಮುಖ ನೀಲಿ, ಉಸಿರು ಒಳಗೆ ಹೋಗುತ್ತಿಲ್ಲ. ಗಡ್ಡೆ ದಾರಿ ಮುಚ್ಚಿತ್ತು. ಆಸ್ಪತ್ರೆಗೆ ಹೋದ ತಕ್ಷಣ ಕತ್ತಿಗೆ ತೂತು ಮಾಡಿದರು. ಇನ್ನು ಕಾಯುವಂತಿಲ್ಲ ಎಂದು ಮಾರನೆಯ ದಿನವೇ ಪೆಟ್ಟಿಗೆಯನ್ನೂ ತೆಗೆದರು. ಕಥೆ ಅವಳ ಜೊತೆಯಲ್ಲೇ ಉಳಿಯಿತು.

ಮಗಳು ಅಮ್ಮನ ಮೇಲೆ ಸಿಟ್ಟು ಮಾಡಿಕೊಳ್ಳಲಾರದೆ ಕಂಡರಿಯದ ಆ ಹುಡುಗಿಯ ಮೇಲೆ ಮಾಡಿಕೊಂಡಳು. "ನನ್ನ ಮಗುವಿನ ಪಾಲು ಅವಳು ತಿಂದಳು ಚಿಕ್ಕಮ್ಮ" ಎಂದು ಆಸ್ಪತ್ರೆಯ ಮೊಗಸಾಲೆಯಲ್ಲಿ ನನ್ನ ಹೆಗಲಿಗೆ ಒರಗಿ ಅತ್ತಳು. ನನಗೂ ಹಾಗೇ ಅನ್ನಿಸಿತ್ತು.

ಅಕ್ಕ ಮನೆಗೆ ಬಂದು ಕೆಲವು ದಿನಕ್ಕೆ ಯೂನಿವರ್ಸಿಟಿ ಬಾಗಿಲು ತೆರೆಯಿತು. ಮೊದಲ ದಿನ ಸಂಜೆ ಗ್ರಂಥಾಲಯದ ಜವಾನ ಒಬ್ಬ ಹುಡುಗಿಯನ್ನು ನಮ್ಮ ಗೇಟಿನ ತನಕ ಕರೆತಂದು ಬಿಟ್ಟು ಹೋದ. ಕೈಯಲ್ಲಿ ಬಿಳಿ ಕೋಲು, ಹೆಗಲಲ್ಲಿ ಹೊಸ ಚೀಲ. ಮಗಳು ಬಾಗಿಲು ತೆರೆದು, "ಯಾರು ಬೇಕಿತ್ತು?" ಎಂದಳು.

"ಓದಕ್ಕಾ!" ಎಂದು ಹುಡುಗಿ ಮುಖವೆಲ್ಲ ನಗುವಾಗಿ ಕೈ ಚಾಚಿದಳು. "ಪುಸ್ತಕ ಇವತ್ತೇ ಸಿಕ್ತು ಅಕ್ಕಾ! ಕ್ಲಾಸಿನೋರಿಗಿಂತ ಮುಂಚೆ ನಂಗೇ ಸಿಕ್ತು!"

ಮಗಳು ಬೆಪ್ಪಾಗಿ ನಿಂತಳು. ಅವಳ ಧ್ವನಿ ಅಮ್ಮನದರ ಹಾಗಿದೆ ಎಂದು ನಾವ್ಯಾರೂ ಯಾವತ್ತೂ ಗಮನಿಸಿರಲಿಲ್ಲ. "ನಾನು... ನೀವು ಒಳಗೆ ಬನ್ನಿ" ಎಂದಳು. ಅಷ್ಟು ಸಾಕಾಯಿತು. ಹುಡುಗಿಯ ಕೈ ಕೆಳಗಿಳಿಯಿತು.

"ಅಲ್ಲ, ನೀವು ಅವರಲ್ಲ. ಕ್ಷಮಿಸಿ. ಓದಕ್ಕ ಮನೇಲಿಲ್ವಾ?"

ಅಕ್ಕ ಅವಳ ಎದುರಿಗೇ ಇದ್ದಳು, ಕತ್ತಿಗೆ ಬಿಳಿ ಬಟ್ಟೆ ಸುತ್ತಿಕೊಂಡು. ಇದ್ದೇನೆ ಎಂದು ತಲೆಯಾಡಿಸಿದಳು. ಕೈಯೆತ್ತಿ ಕರೆದಳು. ನಾವು ಕೊಟ್ಟಿದ್ದ ಸ್ಲೇಟಿನಲ್ಲಿ ಏನೋ ಬರೆಯಲು ಹೋಗಿ, ಯಾರಿಗೆ ಬರೆಯುತ್ತಿದ್ದೇನೆಂದು ಹೊಳೆದು ಬಳಪ ಕೆಳಗಿಟ್ಟಳು. ಅವಳ ಆ ಮುಖವನ್ನು ನಾನು ನೋಡಲಾರದೆ ಹೋದೆ. ಕೊನೆಗೆ ಹತ್ತಿರ ಬಂದು ಹುಡುಗಿಯ ಕೈ ಹಿಡಿದುಕೊಂಡಳು.

"ಯಾರಿದು?" ಎಂದಳು ಹುಡುಗಿ.

"ಅಮ್ಮ" ಎಂದಳು ಮಗಳು. "ಓದಕ್ಕ."

"ಅಕ್ಕಾ? ಯಾಕೆ ಮಾತಾಡ್ತಿಲ್ಲ? ನನ್ನ ಮೇಲೆ ಕೋಪಾನಾ?"

ಹೇಳಬೇಕಾದದ್ದನ್ನು ಮಗಳೇ ಹೇಳಿದಳು, ಕಾಯಿಲೆ, ಆಪರೇಷನ್, ಎಲ್ಲ. ಹುಡುಗಿ ಅಕ್ಕನ ಕೈ ಬಿಡದೆ ಕೇಳಿಸಿಕೊಂಡಳು. ಆಮೇಲೆ, "ನನ್ನ ಪುಸ್ತಕ ಓದಿ ಹೀಗಾಯ್ತಾ?" ಎಂದಳು.

ಇಷ್ಟು ದಿನ ಹಲ್ಲು ಕಚ್ಚಿ ಹಿಡಿದದ್ದನ್ನೆಲ್ಲ ಆಡಿಬಿಡಲು ಮಗಳಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ನಾನು ಅವಳನ್ನೇ ನೋಡುತ್ತಿದ್ದೆ. "ಇಲ್ಲ ಕಣಮ್ಮ. ಅದು ಮೊದಲೇ ಇತ್ತು" ಎಂದಳು.

ಹುಡುಗಿ ಕಣ್ಣೊರೆಸಿಕೊಂಡಳು. ಸಮಾಧಾನ ಹೇಳಬೇಕೆಂದೇ ಇರಬೇಕು, "ಪರೀಕ್ಷೆ ಮುಗಿಯೋವರೆಗೂ ನಾನು ದಿನಾ ನಿಮ್ಮ ಧ್ವನಿ ಕೇಳ್ತಿರ್ತೀನಿ ಅಕ್ಕಾ" ಎಂದಳು. ಪಾಪ, ಅವಳಿಗೇನು ಗೊತ್ತು. ಮಗಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸ್ವಲ್ಪ ಸಾವರಿಸಿಕೊಂಡು, "ನಮಗೂ ಒಂದ್ಸಲ ಕೇಳಿಸ್ತೀಯಾ? ನಮ್ಮ ಹತ್ರ ಒಂದೂ ಇಲ್ಲ" ಎಂದಳು.

ಹುಡುಗಿ ಮೊಬೈಲ್ ತೆಗೆದು ಬೆರಳಾಡಿಸಿದಳು. ನಮ್ಮ ನಡುಮನೆಯಲ್ಲಿ ಅಕ್ಕನ ದನಿ ಎದ್ದಿತು, ಸ್ವಚ್ಛವಾಗಿ, ಗಂಭೀರವಾಗಿ, ಒಂದು ಕೆಮ್ಮಿಲ್ಲದೆ, ಒಂದು ನಿಟ್ಟುಸಿರಿಲ್ಲದೆ. ಭಾವ ಒಳಗಿನಿಂದ ಓಡಿಬಂದವರು ಬಾಗಿಲಲ್ಲೇ ನಿಂತುಬಿಟ್ಟರು. ಅವಳು ನಮ್ಮಲ್ಲಿ ಯಾರ ಹೆಸರನ್ನೂ ಕರೆಯಲಿಲ್ಲ. ಬೆಲೆ ಏರಿದಾಗ ಬೇಡಿಕೆ ಏಕೆ ಇಳಿಯುತ್ತದೆ ಎಂದು ವಿವರಿಸುತ್ತಿದ್ದಳು.

ಮಗಳು ಮೊಬೈಲನ್ನು ಮೆಲ್ಲಗೆ ಹುಡುಗಿಯ ಕೈಯಿಂದ ತೆಗೆದುಕೊಂಡು, ಗೋಡೆಗೆ ಒರಗಿ ಕೂತು, ತನ್ನ ಹೊಟ್ಟೆಗೆ ಒತ್ತಿ ಹಿಡಿದಳು. "ಕೇಳು ಮರಿ, ಅಜ್ಜಿ" ಎಂದಳು. ಅಕ್ಕ ಎದುರಿಗೆ ನೆಲದ ಮೇಲೆ ಕೂತಳು. ಅವಳ ಕಣ್ಣಿಂದ ಧಾರಾಕಾರ ನೀರು ಇಳಿಯುತ್ತಿತ್ತು, ಸದ್ದಿರಲಿಲ್ಲ. ಪಾಠ ಮುಂದುವರಿಯಿತು. ಅಕ್ಕನ ತುಟಿ ಅದರ ಜೊತೆಗೇ ಆಡುತ್ತಿತ್ತು.