ಬೂಟಿನ ಕೆಸರಲ್ಲಿ ಕಂಡ ಕಾಡು

ರುಹೀಜಾ ದಿಬ್ಬದ ಮೇಲಿನ ವಸತಿಗೃಹದಲ್ಲಿ ಕೊಬುಸಿಂಗೆಯ ಕೆಲಸ ಶುರುವಾಗುತ್ತಿದ್ದದ್ದು ಹೊತ್ತು ಇಳಿಮುಖವಾದ ಮೇಲೆ. ಬೆಳಿಗ್ಗೆ ಗೊರಿಲ್ಲಾ ನೋಡಲು ಬ್ವಿಂಡಿ ಕಾಡಿಗೆ ಇಳಿದ ಪ್ರವಾಸಿಗರು ಮಧ್ಯಾಹ್ನ ಏದುಸಿರು ಬಿಡುತ್ತ ಹತ್ತಿ ಬಂದು, ಮೆಟ್ಟಿಲ ಮೇಲೆ ಬೂಟು ಕಳಚಿ, ಬಿಸಿನೀರು ಹುಡುಕಿಕೊಂಡು ಒಳಗೆ ಹೋಗುತ್ತಿದ್ದರು. ಆ ಬೂಟುಗಳನ್ನು ಹಿತ್ತಲಿಗೆ ಒಯ್ದು, ಬಿದಿರು ಕಡ್ಡಿಯಿಂದ ಕೆಸರು ಕಿತ್ತು, ತೊಳೆದು, ಒಲೆಯ ಪಕ್ಕ ಸಾಲಾಗಿ ಒಣಗಲು ಇಡುವವಳು ಅವಳು. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಗೊರಿಲ್ಲಾವನ್ನು ಮಾತ್ರ ಒಂದು ಸಲವೂ ಕಂಡವಳಲ್ಲ.

ಆದರೆ ಬೂಟು ನೋಡಿದರೆ ಸಾಕು, ಅದು ಎಲ್ಲೆಲ್ಲಿ ಹೋಗಿ ಬಂದಿದೆ ಎಂದು ಹೇಳಿಬಿಡುತ್ತಿದ್ದಳು. ಕೆಂಪು ಮಣ್ಣಾದರೆ ದಿಬ್ಬದ ಮೇಲಿನ ದಾರಿ. ಕಾಡಿಗೆಯಂಥ ಕಪ್ಪು ಕೆಸರಾದರೆ ಕೆಳಗಿನ ಜೌಗು. ದಾರದ ಕಣ್ಣುಗಳಲ್ಲಿ ಜರೀಗಿಡದ ಚೂರು, ಹಿಮ್ಮಡಿಯಲ್ಲಿ ಹೆಸರು ಗೊತ್ತಿಲ್ಲದ ನೇರಳೆ ಹೂವಿನ ಎಸಳು. ಕೆಲವು ಸಂಜೆ ಕೆಸರಿನಿಂದ ಹಸಿ ಸೊಪ್ಪನ್ನು ಜಜ್ಜಿದಂಥ ವಾಸನೆ ಬರುತ್ತಿತ್ತು. ಗೊರಿಲ್ಲಾಗಳು ಮೇದು ಎದ್ದುಹೋದ ಜಾಗ ಹಾಗೆ ನಾರುತ್ತದೆಂದು ಯಾರೋ ಹೇಳಿದ್ದರು. ಆಗ ಅವಳ ಕೈ ತಾನಾಗಿ ನಿಧಾನವಾಗುತ್ತಿತ್ತು. ಕಣ್ಣು ಅರೆ ಮುಚ್ಚಿದರೆ ನೀರಿನ ಬಕೆಟ್ಟಿನೊಳಗೆ ಇಡೀ ಕಾಡೇ ಕರಗಿ ತೇಲಿದಂತೆ ಕಾಣುತ್ತಿತ್ತು.

"ನಮ್ ಕೊಬುಸಿಂಗೆ ಬೂಟು ನೋಡಿ ಭವಿಷ್ಯ ಹೇಳ್ತಾಳೆ ಕಣ್ರೋ" ಎಂದು ಅಡುಗೆಮನೆಯವರು ನಗುತ್ತಿದ್ದರು.

ಅವಳಪ್ಪ ಕಾಡಿನೊಳಗೆ ಜೇನುಗೂಡು ಕಟ್ಟುತ್ತಿದ್ದವನು. ಅವಳಿಗೆ ಹದಿನೆಂಟಾದಾಗ ಕಾಡು ಸರ್ಕಾರದ್ದಾಯಿತು, ಗೂಡುಗಳು ಅಲ್ಲೇ ಉಳಿದವು. ಅಲ್ಲಿಂದಾಚೆಗೆ ಊರಿನವರಿಗೆ ಕಾಡೆಂದರೆ ಆಲೂಗೆಡ್ಡೆ ಹೊಲದ ಅಂಚಿನಲ್ಲಿ ಬಂದು ನಿಲ್ಲುವ ಕಪ್ಪು ಗೋಡೆ. ಬೆಳಗಾದರೆ ಅದರಿಂದ ಮಂಜು ಏಳುತ್ತಿತ್ತು, ಅಷ್ಟೆ. ಒಳಗೆ ಹೋಗಬೇಕು ಅಂತ ಅವಳು ಯಾರನ್ನೂ ಕೇಳಲಿಲ್ಲ. ಹೋಗುತ್ತೀಯಾ ಅಂತ ಅವಳನ್ನೂ ಯಾರೂ ಕೇಳಲಿಲ್ಲ.

ಅವಳ ನಲವತ್ತಾರನೇ ವಯಸ್ಸಿನಲ್ಲಿ, ಜೂನ್ ತಿಂಗಳ ಒಂದು ಬೆಳಿಗ್ಗೆ, ಹಾಗೆ ಕೇಳಿದವನು ಕರೆಂಝಿ. ಪ್ರವಾಸಿಗರ ಚೀಲ ಹೊತ್ತು, ಕೈಹಿಡಿದು ನಡೆಸುವ ಹೊರೆಯಾಳುಗಳಿಗೆಲ್ಲ ಅವನು ಮೇಸ್ತ್ರಿ. ಆ ದಿನ ಆಚೆ ಗುಡ್ಡದಲ್ಲಿ ಮದುವೆಯಿದ್ದು, ಅರ್ಧಕ್ಕರ್ಧ ಆಳುಗಳು ಅತ್ತ ಹೋಗಿಬಿಟ್ಟಿದ್ದರು.

"ಅಕ್ಕಾ, ಒಬ್ಬರು ಕಮ್ಮಿ ಬಿದ್ದಿದಾರೆ. ಬರ್ತೀಯಾ?" ಎಂದು ಬೇಲಿಯಾಚೆಯಿಂದಲೇ ಕೂಗಿದ.

"ಎಲ್ಲಿಗೆ?"

"ಇನ್ನೆಲ್ಲಿಗೆ, ನಿನ್ನ ಬೂಟುಗಳು ದಿನಾ ಹೋಗೋ ಊರಿಗೆ!"

ಹಿಂದಿನ ದಿನ ಉಳಿದಿದ್ದ ಬೂಟುಗಳನ್ನು ಹಿತ್ತಲಲ್ಲಿ ಉಜ್ಜುತ್ತಿದ್ದ ಅವಳು ಕೈಲಿದ್ದ ಬ್ರಷ್ಷನ್ನು ಬಕೆಟ್ಟಿಗೆ ಹಾಕಿದಳು. ತೋಟದವನ ರಬ್ಬರ್ ಬೂಟು ಎರವಲು ಪಡೆದಳು. ಅದರ ತುದಿಗೆ ಹಳೇ ಬಟ್ಟೆ ತುರುಕಿ ಹೊರಟೇಬಿಟ್ಟಳು.

ಅವಳ ಪಾಲಿಗೆ ಬಂದವಳು ಗುನ್ವೊರ್ ಎಂಬ ನಾರ್ವೆಯ ಮುದುಕಿ. ಎಪ್ಪತ್ತು ದಾಟಿದ ಉದ್ದನೆಯ ಹೆಂಗಸು, ಮಾತು ಕಮ್ಮಿ. ಇಬ್ಬರದೂ ಅರ್ಧಂಬರ್ಧ ಇಂಗ್ಲಿಷು. ಮೊದಲ ಇಳಿಜಾರಿನಲ್ಲೇ ಗುನ್ವೊರ್ ಜಾರಿದಳು. ಕೊಬುಸಿಂಗೆ ಅವಳ ಮುಂಗೈ ಗಟ್ಟಿಯಾಗಿ ಹಿಡಿದಳು. ಆಮೇಲೆ ಇಬ್ಬರ ನಡುವಿನ ಮಾತೆಲ್ಲ ಆ ಹಿಡಿತದಲ್ಲೇ ನಡೆಯಿತು. ಬಿಗಿ ಹಿಡಿದರೆ ನಿಲ್ಲು, ಸಡಿಲ ಬಿಟ್ಟರೆ ನಡೆ.

ಕಾಡಿನೊಳಗೆ ಬೆಳಕು ಹಸಿರು ನೀರಿನಂತಿತ್ತು. ಮರಗಳ ಮೈತುಂಬ ಪಾಚಿ. ಎಲ್ಲಿಂದಲೋ ಹನಿ ಬೀಳುತ್ತಿತ್ತು, ಮಳೆಯಂತೂ ಇರಲಿಲ್ಲ. ಕೊಬುಸಿಂಗೆಗೆ ವಿಚಿತ್ರವೆನಿಸಿತು. ಒಮ್ಮೆಯೂ ಕಾಲಿಡದ ಜಾಗ, ಆದರೂ ಎಲ್ಲವೂ ಗುರುತಿನದು. ಹತ್ತೊಂಬತ್ತು ವರ್ಷ ಚೂರುಚೂರಾಗಿ ಅವಳ ಹಿತ್ತಲಿಗೆ ಬಂದು ಬಿದ್ದಿದ್ದ ಕಾಡು ಈಗ ಇಡಿಯಾಗಿ ಎದ್ದುನಿಂತಿತ್ತು. ಅಗೋ ಆ ಜರೀಗಿಡ. ಅಗೋ ಆ ನೇರಳೆ ಹೂ, ಗೊಂಚಲು ಗೊಂಚಲಾಗಿ. ಅದು ನೆಲದಲ್ಲಿ ಬಿಡುವ ಹೂವೆಂದು ಅವಳು ಎಣಿಸಿದ್ದಳು. ನೋಡಿದರೆ ಬಳ್ಳಿ, ತಲೆಯ ಮೇಲೆ ತೂಗುತ್ತಿದೆ.

"ಇನ್ನು ಮುಂದೆ ಕಪ್ಪು ಕೆಸರು ಬರುತ್ತೆ" ಎಂದಳು ಗುನ್ವೊರ್‌ಗೆ.

ಮುಂದೆ ಮಚ್ಚಿನಿಂದ ದಾರಿ ಬಿಡಿಸುತ್ತಿದ್ದ ಗೈಡ್ ತಿರುಗಿ ನೋಡಿದ. "ಮೊದಲನೇ ಸಲ ಬಂದವಳಿಗೆ ಹೇಗೆ ಗೊತ್ತು?"

"ನೀವು ತರ್ತಿದ್ರಲ್ಲ, ದಿನಾ" ಎಂದಳು.

ಮೂರು ಗಂಟೆ ನಡೆದ ಮೇಲೆ ವಾಕಿಟಾಕಿ ಗೊರಗುಟ್ಟಿತು. ನಸುಕಿನಲ್ಲೇ ಜಾಡು ಹಿಡಿದು ಹೋಗಿದ್ದವರಿಗೆ ಗೊರಿಲ್ಲಾ ಕುಟುಂಬ ಸಿಕ್ಕಿತ್ತು. ಗೈಡ್ ಎಲ್ಲರನ್ನೂ ನಿಲ್ಲಿಸಿದ. ಚೀಲ, ಕೋಲು, ತಿಂಡಿ ಎಲ್ಲ ಇಲ್ಲೇ. ಪ್ರವಾಸಿಗರು ಬಾಯಿಗೆ ಬಟ್ಟೆ ಕಟ್ಟಿಕೊಂಡು ಮುಂದಕ್ಕೆ, ಹೊರೆಯಾಳುಗಳು ಇಲ್ಲೇ ಹಿಂದಕ್ಕೆ. ಅದು ನಿಯಮ. ಗುನ್ವೊರ್ ಕೈ ಬಿಡಲಿಲ್ಲ.

"ಇವಳೂ ಬರಲಿ" ಎಂದಳು.

"ಆಗೋದಿಲ್ಲ ಅಮ್ಮಾ. ಎಷ್ಟು ಜನ ಹೋಗ್ಬೇಕು ಅನ್ನೋದು ಲೆಕ್ಕದ ಪ್ರಕಾರ."

ಕೊಬುಸಿಂಗೆಯೇ ಬೆರಳು ಒಂದೊಂದಾಗಿ ಬಿಡಿಸಿ, ಅವಳ ಬೆನ್ನು ತಟ್ಟಿ ಕಳಿಸಿದಳು. ಎಲೆಗಳು ಅವರ ಹಿಂದೆ ಮುಚ್ಚಿಕೊಂಡವು. ಇಷ್ಟು ದೂರ ಬಂದು ಇಷ್ಟಕ್ಕೇ ನಿಲ್ಲಬೇಕಲ್ಲ ಎಂದುಕೊಂಡಳು. ಜೊತೆಗಿದ್ದ ಹೊರೆಯಾಳು ಬಗೂಮ ಆಗಲೇ ಚೀಲಕ್ಕೆ ತಲೆಯಾನಿಸಿದ್ದ.

"ಅಕ್ಕಾ, ಇಲ್ಲಿ ಒಂದು ಗಂಟೆ ನಿದ್ದೆಗೆ ಅಂತಲೇ ಇದೆ. ದೇವರು ಕೊಟ್ಟಿದ್ದು" ಎಂದು ಕಣ್ಣು ಮುಚ್ಚಿದ.

ಅವಳು ಬುಡ ಉಬ್ಬಿದ ಮರವೊಂದಕ್ಕೆ ಒರಗಿ ಕೂತಳು. ಮಂಜು ಕೆಳಗಿನಿಂದ ಹತ್ತಿ ಬಂದು ಅವಳ ಮೊಣಕಾಲ ಮೇಲೆ ಹಾದುಹೋಯಿತು. ಹಕ್ಕಿಯೊಂದು ಎರಡೇ ಸ್ವರ ಕೂಗಿ ಸುಮ್ಮನಾಯಿತು. ಎಷ್ಟು ಹೊತ್ತಾಯಿತೋ. ಹಸಿ ಸೊಪ್ಪಿನ ಆ ವಾಸನೆ ಬಂದಾಗ ಅವಳು ತಾನು ಹಿತ್ತಲಲ್ಲೇ ಇದ್ದೇನೆಂದುಕೊಂಡಳು, ಕೈ ಬಕೆಟ್ಟನ್ನು ಹುಡುಕಿತು ಕೂಡ.

ಬಳ್ಳಿಯ ಪರದೆ ಅಲುಗಿತು. ಸದ್ದಿಲ್ಲದೆ, ತನ್ನ ಮನೆಯ ಹಿಂಬಾಗಿಲಿಂದ ಬರುವವಳಂತೆ, ಒಂದು ಹೆಣ್ಣು ಗೊರಿಲ್ಲಾ ಬಂದು ಹತ್ತು ಹೆಜ್ಜೆ ದೂರದಲ್ಲಿ ಕೂತಿತು. ಬೆನ್ನ ಮೇಲೆ ಮರಿ. ಒದ್ದೆಯಾದ ಕಪ್ಪು ಕೂದಲ ತುದಿಯಲ್ಲೆಲ್ಲ ಮಂಜಿನ ಹನಿ. ಅದು ಒಂದು ದಂಟನ್ನು ಕಿತ್ತು, ಮುಳ್ಳು ಚುಚ್ಚದಂತೆ ಮಡಚಿ, ಸಿಪ್ಪೆ ಸುಲಿದು, ತಿರುಳು ತಿಂದಿತು. ಕೊಬುಸಿಂಗೆಯ ಕಣ್ಣು ಅದರ ಮುಖಕ್ಕೆ ಹೋಗಲೇ ಇಲ್ಲ, ಕೈಯಲ್ಲೇ ನಿಂತಿತು. ಸುಕ್ಕುಗಟ್ಟಿದ ಗೆಣ್ಣು, ಉಗುರಿನಡಿ ಕೆಸರು, ಆತುರವಿಲ್ಲದ ಬೆರಳು. ದಿನವಿಡೀ ಕೆಲಸ ಮಾಡುವ ಹೆಂಗಸಿನ ಕೈ.

ಮರಿ ತಾಯಿಯ ಭುಜದಿಂದ ಇಣುಕಿ ಅವಳನ್ನು ನೋಡಿತು. ತಾಯಿಯೂ ತಲೆಯೆತ್ತಿತು. ದಿಟ್ಟಿಸಬಾರದು ಎಂದು ಕೇಳಿದ್ದ ಕೊಬುಸಿಂಗೆ ಕಣ್ಣು ತಗ್ಗಿಸಿದಳು. ಎದೆಯೊಳಗೆ ಹೆದರಿಕೆಯನ್ನು ಹುಡುಕಿದಳು, ಸಿಗಲಿಲ್ಲ. ಮೂರೂ ಜೀವಗಳು ಒಂದೇ ಮಂಜನ್ನು ಉಸಿರಾಡುತ್ತ ಕೂತಿದ್ದವು. ಪಕ್ಕದಲ್ಲಿ ಬಗೂಮ ಗೊರಕೆ ಹೊಡೆಯುತ್ತಲೇ ಇದ್ದ. ಆಮೇಲೆ ಎಲ್ಲೋ ಮೇಲಿಂದ ಗಂಡು ಗೊರಿಲ್ಲಾ ಗಂಟಲಲ್ಲೇ ಹೂಂಕರಿಸಿತು. ತಾಯಿ ಎದ್ದು, ಮರಿಯನ್ನು ಸರಿಪಡಿಸಿಕೊಂಡು, ಬಂದ ದಾರಿಯಲ್ಲೇ ಹೊರಟುಹೋಯಿತು.

ಪ್ರವಾಸಿಗರು ಮರಳಿದಾಗ ಗುನ್ವೊರ್‌ಳ ಕಣ್ಣು ಕೆಂಪಾಗಿತ್ತು. ಅವಳು ಕೊಬುಸಿಂಗೆಯ ಮುಖ ನೋಡಿದಳು, ಸುಲಿದು ಬಿದ್ದಿದ್ದ ಸಿಪ್ಪೆ ನೋಡಿದಳು, ಮತ್ತೆ ಮುಖ ನೋಡಿದಳು. ಆಮೇಲೆ ಕೈ ಚಾಚಿದಳು. ಮೇಲೆ ಹತ್ತುವಾಗ ಯಾರು ಯಾರನ್ನು ಎಳೆದರೋ, ಇಬ್ಬರಿಗೂ ತಿಳಿಯಲಿಲ್ಲ.

ಬಗೂಮನಿಗೆ ವಿಷಯ ಗೊತ್ತಾದದ್ದು ಅರ್ಧ ದಾರಿಯಲ್ಲಿ.

"ಅಯ್ಯೋ ಪಾಪಿ! ನನ್ನನ್ನ ಎಬ್ಬಿಸಬಾರದಿತ್ತಾ?"

"ನಿನ್ನ ಗೊರಕೆ ಕೇಳಿಯೇ ಬಂದಿದ್ದು ಕಣೋ, ನೆಂಟರು ಯಾರೋ ಅಂತ. ನಿಲ್ಲಿಸಿದ್ರೆ ಬೇಜಾರಾಗ್ತಿತ್ತು."

ಗೈಡ್ ಎಷ್ಟು ನಕ್ಕನೆಂದರೆ ದಾರಿ ಬಿಟ್ಟು ಪೊದೆಗೆ ಹೋದ.

ಸಂಜೆ ಮನೆಯಲ್ಲಿ ಅತ್ತೆ ಕಮುಶಾನಾ ಮೊರದಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದಳು. ಕೊಬುಸಿಂಗೆ ಎದುರು ಕೂತು ನಡೆದದ್ದನ್ನೆಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಅದು ತನಗೇ ಕನಸಿನಂತೆ ಕೇಳಿಸತೊಡಗಿತು. ಮುದುಕಿ ಕೊನೆಯವರೆಗೂ ಬೆರಳಾಡಿಸುತ್ತಲೇ ಕೇಳಿ, "ಮರಿ ಗಂಡೋ, ಹೆಣ್ಣೋ?" ಎಂದಳು.

"ಗೊತ್ತಿಲ್ಲ, ಅತ್ತೆ."

"ಅಷ್ಟು ಹತ್ತಿರ ಕೂತು ಅದನ್ನೇ ನೋಡ್ಲಿಲ್ವಾ? ಎಂಥಾ ಹೆಣ್ಣೇ ನೀನು! ಬಾಣಂತಿ ಮನೆಗೆ ಹೋಗಿ ಬಂದು ಸಿಪ್ಪೆ ಕಥೆ ಹೇಳ್ತೀಯಾ."

ಮರುದಿನ ಅವಳು ಕರೆಂಝಿಯನ್ನು ಕೇಳಿದಳು. ಮರಿ ಇನ್ನೂ ಎಳೆಯದು, ತಿಳಿಯಲು ಹೊತ್ತು ಬೇಕು ಎಂದ ಅವನು. "ಹಾಗಾದ್ರೆ ಹೊರೆಯಾಳುಗಳ ಪಟ್ಟಿಗೆ ನನ್ನ ಹೆಸರು ಬರ್ಕೋ" ಎಂದಳು.

ಈಗ ವಾರಕ್ಕೆ ಎರಡು ದಿನ ಅವಳು ಕಾಡಿಗೆ ಇಳಿಯುತ್ತಾಳೆ. ಬಹಳ ಸಲ ಚೀಲಗಳ ಪಕ್ಕ ಕೂತಿದ್ದು, ಏನೂ ಕಾಣದೆ ಮೇಲೆ ಬರುತ್ತಾಳೆ. ಬೇಸರವಾಗುವುದಿಲ್ಲವೇ ಎಂದು ಹೊಸ ಹೊರೆಯಾಳುಗಳು ಕೇಳುತ್ತಾರೆ. ಅವಳು ಜರುಗಿ, ಮರದ ಬುಡದಲ್ಲಿ ಅವರಿಗೂ ಜಾಗ ಮಾಡಿಕೊಡುತ್ತಾಳೆ.