ಮಾಣಿಕಪ್ಪ ಒಲ್ಲದ ಕೋಟು

ದೆವ್ವ, ಗಾಳಿ, ಮೈಮೇಲೆ ಬರುವುದು ಇವುಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಯಾರಾದರೂ ಇಂಥ ಕಥೆ ಶುರು ಮಾಡಿದರೆ ಚಹಾ ಮುಗಿಸಿ ಎದ್ದುಬಿಡುತ್ತಿದ್ದೆ. ನನ್ನ ಕೆಲಸವೇ ಹಾಗಿದೆ. ಹುಮನಾಬಾದಿನಲ್ಲಿದ್ದುಕೊಂಡು ಸುತ್ತಲಿನ ಊರುಗಳ ಕಾಪಿಯರ್ ಮಷಿನ್‌ಗಳನ್ನು ರಿಪೇರಿ ಮಾಡುತ್ತೇನೆ. ಮಷಿನ್ ಕೆಟ್ಟರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ: ಧೂಳು, ಇಲಿ, ಸವೆದ ರೋಲರ್, ಇಲ್ಲವೇ ಅಂಗಡಿಯವರೇ ಬಿಚ್ಚಿ ನೋಡಿ ಮತ್ತೆ ಹಾಕಲು ಮರೆತ ಸ್ಕ್ರೂ. ಆದರೆ ಈಗ ಹೇಳಹೊರಟಿರುವ ಸಂಗತಿಗೆ ಇವತ್ತಿನವರೆಗೂ ನನಗೆ ಕಾರಣ ಸಿಕ್ಕಿಲ್ಲ. ಇಂಥವು ಅಮಾವಾಸ್ಯೆಯ ರಾತ್ರಿ ನಡೆಯುತ್ತವೆ ಎಂದು ಕೇಳಿದ್ದೆ. ಇದು ಹಾಡಹಗಲೇ, ಬಸವಕಲ್ಯಾಣದ ಒಂದು ಜೆರಾಕ್ಸ್ ಅಂಗಡಿಯಲ್ಲಿ, ತಲೆಯ ಮೇಲೆ ಫ್ಯಾನ್ ಕಿರುಗುಟ್ಟುತ್ತಿರುವಾಗ ನಡೆಯಿತು.

ಅಂಗಡಿ ರಫೀಕ್ ಭಾಯಿಯದು, ಕೋಟೆಗೆ ಹೋಗುವ ದಾರಿಯಲ್ಲಿದೆ. ಅವತ್ತು ಬೆಳಿಗ್ಗೆ ಅವರ ಫೋನ್ ಬಂತು. "ಇಂಜಿನಿಯರ್ ಸಾಬ್, ಕಲರ್ ಎಲ್ಲಾ ಸರದಾಡಾಕತ್ಯಾವ್ರಿ. ಜಲ್ದಿ ಬರ್ರಿ, ಗಿರಾಕಿ ಎದುರಿಗೇ ಕುಂತಾರ."

ಗಿರಾಕಿ ಎಂದರೆ ಮಂಠಾಳದ ಧನರಾಜ ಮತ್ತು ಅವರ ತಾಯಿ ಕಾಶೀಬಾಯಿ. ಧನರಾಜರ ತಂದೆ ಮಾಣಿಕಪ್ಪ ತೀರಿಕೊಂಡು ಮರುದಿನಕ್ಕೆ ವರ್ಷ ತುಂಬುತ್ತಿತ್ತು. ಪುಣ್ಯಸ್ಮರಣೆಗೆ ಬರುವವರಿಗೆ ಹಂಚಲು ಅವರ ಫೋಟೋ ಇರುವ ಕಾರ್ಡು ಬೇಕಿತ್ತು. ಮಾಣಿಕಪ್ಪನವರು ಎಮ್ಮೆ ವ್ಯಾಪಾರ ಮಾಡಿಕೊಂಡಿದ್ದವರು. ಬದುಕಿನುದ್ದಕ್ಕೂ ಧೋತರ, ಬಿಳಿ ಅಂಗಿ, ತಲೆಗೆ ರುಮಾಲು. ಮನೆಯಲ್ಲಿದ್ದದ್ದು ಅಂಥದೇ ಒಂದು ಫೋಟೋ. ಧನರಾಜ ಹೇಳಿದಂತೆ ರಫೀಕ್ ಭಾಯಿ ಕಂಪ್ಯೂಟರಿನಲ್ಲಿ ಮುಖ, ರುಮಾಲು ಮಾತ್ರ ಉಳಿಸಿ, ಕೊರಳ ಕೆಳಗೆ ನೀಲಿ ಕೋಟು, ಕೆಂಪು ಟೈ, ಬೆನ್ನ ಹಿಂದೆ ನೀಲಿ ಆಕಾಶ ಕೂಡಿಸಿದ್ದರು. ಇದು ನಮ್ಮ ಕಡೆ ಹೊಸದೇನಲ್ಲ. ಹೊಲದಲ್ಲೇ ಆಯುಷ್ಯ ಕಳೆದ ಎಷ್ಟೋ ಜನ ಸತ್ತ ಮೇಲೆ ಸೂಟು ತೊಟ್ಟು ಗೋಡೆ ಏರಿದ್ದಾರೆ. ಕಾಶೀಬಾಯಿಗೆ ಮಾತ್ರ ಇದಿನ್ನೂ ಗೊತ್ತಿರಲಿಲ್ಲ. ಸಂತೆ ಮಾಡಿದ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಆಕೆ ಬಾಗಿಲ ಬೆಂಚಿನ ಮೇಲೆ ಕೂತಿದ್ದರು. ಕಾರ್ಡು ಕೈಗೆ ಬಂದಾಗಲೆಲ್ಲ ಧನರಾಜ ಅದನ್ನು ತಾಯಿಗೆ ಕಾಣದಂತೆ ತಿರುವಿ ಹಿಡಿಯುತ್ತಿದ್ದರು.

ಕಲರ್ ಮಷಿನ್ ಒಂದೇ ಏಟಿಗೆ ಚಿತ್ರ ಮೂಡಿಸುವುದಿಲ್ಲ. ಹಳದಿ, ಗುಲಾಬಿ, ನೀಲಿ, ಕಪ್ಪು ಈ ನಾಲ್ಕು ಬಣ್ಣಗಳನ್ನು ಒಂದರ ಮೇಲೊಂದು ಕೂರಿಸುತ್ತದೆ. ನಾಲ್ವರು ಸೇರಿ ಒಂದು ಮಂಚ ಎತ್ತಿ ಒಯ್ದ ಹಾಗೆ. ಒಬ್ಬ ತುಸು ಸರಿದರೂ ಎಲ್ಲ ಓರೆ. ಆಗ ಮನುಷ್ಯನಿಗೆ ಎರಡು ಜೊತೆ ತುಟಿ ಬರುತ್ತವೆ. ರಫೀಕ್ ಭಾಯಿ ತೋರಿಸಿದ ಕಾರ್ಡಿನಲ್ಲಿ ಕೋಟಿನ ನೀಲಿ ಎಡಕ್ಕೆ ಜಾರಿ, ಬಲ ಹೆಗಲು ಬಿಳಿಯಾಗಿ ಉಳಿದಿತ್ತು. ಮಾಣಿಕಪ್ಪ ಒಂದು ತೋಳು ಕಳಚಿ ನಿಂತಂತೆ ಕಾಣುತ್ತಿತ್ತು. ಇದು ದಿನಾ ನೋಡುವ ರೋಗ ಎಂದುಕೊಂಡೆ. ಬೆಲ್ಟು ಒರೆಸಿ, ಬಣ್ಣ ಅಳೆಯುವ ಸೆನ್ಸರಿನ ಮೇಲೆ ಕೂತ ಪುಡಿ ತೆಗೆದು, ಬಣ್ಣಗಳನ್ನು ಮತ್ತೆ ಸಾಲಿಗೆ ತರುವ ಕ್ಯಾಲಿಬ್ರೇಷನ್ ಓಡಿಸಿದೆ. ಪರೀಕ್ಷೆಯ ಹಾಳೆಯಲ್ಲಿ ನಾಲ್ಕು ಬಣ್ಣದ ಗೆರೆಗಳು ಕೂದಲೆಳೆಯಷ್ಟೂ ತಪ್ಪದೆ ಕೂತಿದ್ದವು.

"ಇನ್ನ ಹೊಡೀರಿ," ಎಂದೆ.

ಈ ಸಲ ಕೋಟು ಎರಡೂ ಹೆಗಲು ಬಿಟ್ಟು ಮೊಣಕೈಗೆ ಬಂದಿತ್ತು.

ಮುಖ ಚೊಕ್ಕಟವಾಗಿತ್ತು, ಮೀಸೆಯ ಒಂದೊಂದು ಕೂದಲೂ ಸ್ಪಷ್ಟ. ನಾನು ತಡೆದು ನಿಂತದ್ದು ಚಿತ್ರದ ಹಿಂದಿನ ನೀಲಿ ಆಕಾಶ ನೋಡಿದಾಗ. ಅದು ಒಂದಿಷ್ಟೂ ಕದಲಿರಲಿಲ್ಲ. ನೀಲಿ ಸರಿದರೆ ಹಾಳೆಯ ಮೇಲಿನ ನೀಲಿಯೆಲ್ಲ ಸರಿಯಬೇಕು. ಯಾವುದು ಆಕಾಶ, ಯಾವುದು ಕೋಟು ಎಂದು ಮಷಿನ್‌ಗೆ ಹೇಗೆ ಗೊತ್ತಾಗಬೇಕು? ಕಂಪ್ಯೂಟರಿನ ಪರದೆಯಲ್ಲಿ ನೋಡಿದರೆ ಎಲ್ಲ ನೆಟ್ಟಗಿತ್ತು. "ಕೋಟ್ ಬ್ಯಾರೆ ಇಟ್ಟಿಲ್ರಿ, ಎಲ್ಲಾ ಕೂಡಿಸಿ ಒಂದೇ ಚಿತ್ರ ಮಾಡೀನಿ," ಎಂದು ರಫೀಕ್ ಭಾಯಿ ಆಣೆ ಇಟ್ಟರು.

ಕೋಟಿನಲ್ಲೇ ದೋಷವಿದೆಯೇ ಎಂದು ನೋಡಲು ಅದೇ ಕೋಟಿಗೆ ನನ್ನ ಮುಖ ಕೂಡಿಸಿ ಹೊಡೆಸಿದೆ. ಕೋಟು ದರ್ಜಿ ಅಳತೆ ತೆಗೆದು ಹೊಲಿದಂತೆ ಕೂತು ಬಂತು. ಮೇಲಿನ 'ಪ್ರಥಮ ಪುಣ್ಯಸ್ಮರಣೆ' ಎಂಬ ಅಕ್ಷರಗಳನ್ನು ತೆಗೆಯಲು ರಫೀಕ್ ಭಾಯಿ ಮರೆತಿದ್ದರು.

"ನಿಮಗ ಭಾಳ ಒಪ್ಪತದ್ರಿ," ಎಂದರು. ನಾನು ಆ ಕಾರ್ಡನ್ನು ಬಹಳ ಸಣ್ಣ ಚೂರುಗಳಾಗಿ ಹರಿದೆ.

ಧನರಾಜರ ಸಹನೆ ಮುಗಿದಿತ್ತು. ತಾಯಿಯನ್ನು ಅಲ್ಲೇ ಕೂರಿಸಿ, ಫೈಲನ್ನು ಪೆನ್‌ಡ್ರೈವಿನಲ್ಲಿ ಹಾಕಿಸಿಕೊಂಡು ನನ್ನ ಬೈಕ್ ಹತ್ತಿದರು. ಹುಮನಾಬಾದಿನ ಇನ್ನೊಂದು ಅಂಗಡಿಯಲ್ಲಿ ಬೇರೆ ಕಂಪನಿಯ ಮಷಿನ್ ಇತ್ತು. ಹಿಂದಿನ ದಿನವಷ್ಟೇ ನಾನೇ ಸರ್ವಿಸ್ ಮಾಡಿದ್ದೆ. ಅದರಲ್ಲಿ ಕೋಟು ಸೊಂಟಕ್ಕೆ ಇಳಿದಿತ್ತು. ಟೈ ಮಾತ್ರ, ಗಾಳಿಗೆ ಹಾರಿದಂತೆ ಹೆಗಲ ಮೇಲೆ ಬಿದ್ದಿತ್ತು. ಅಂಗಡಿಯವರು ಕಾರ್ಡು ನೋಡಿದರು, ನನ್ನನ್ನು ನೋಡಿದರು, ಮಷಿನ್ ಆಫ್ ಮಾಡಿದರು.

ವಾಪಸ್ ಬರುವಾಗ ಧನರಾಜ ನನ್ನ ಬೆನ್ನ ಹಿಂದಿನಿಂದ ಮಾತಾಡತೊಡಗಿದರು. "ನನ್ನ ಲಗ್ನಕ್ಕ ಅಪ್ಪಗ ಇಂಥಾದೇ ಕೋಟ್ ಹೊಲಿಸಿದ್ದೆ. ಹಾಕ್ಕೊಳ್ಳಲಿಲ್ರಿ. ಬೀಗರ ಮುಂದ ಅದೇ ಧೋತರ ಉಟಗೊಂಡು ಬಂದು ಕುಂತ. ಎಷ್ಟೋ ದಿನ ನಾ ಮಾತು ಬಿಟ್ಟಿದ್ದೆ. ಒಮ್ಮಿ ನನ್ನ ಮಾತು ಕೇಳಿದ್ರ ಏನ್ ಆಗತಿತ್ರಿ?" ಅವರ ಮುಖ ನನಗೆ ಕಾಣುತ್ತಿರಲಿಲ್ಲ. ನಾನು ರಸ್ತೆ ನೋಡುತ್ತ ಗಾಡಿ ಓಡಿಸಿದೆ.

ಅಂಗಡಿಗೆ ಬಂದಾಗ ಬಿಸಿಲು ಇಳಿದಿತ್ತು. ಕಾಶೀಬಾಯಿ ಎದ್ದು ನಿಂತರು. "ಮುಂಜಾನಿಂದ ಅದೇನ್ ಮುಚ್ಚಿ ಇಡಾಕತ್ತೀ? ತೋರ್ಸು."

ಧನರಾಜ ಕಾರ್ಡುಗಳನ್ನು ಕೊಟ್ಟರು. ಆಕೆ ಒಂದೊಂದಾಗಿ ಕಣ್ಣ ಹತ್ತಿರ ಹಿಡಿದು ನೋಡಿದರು: ಹೆಗಲು, ಮೊಣಕೈ, ಸೊಂಟ. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಳುತ್ತಿದ್ದಾರೆ ಎಂದು ನಾನು ನೀರು ತರಲು ಹೊರಟೆ. ನಗುತ್ತಿದ್ದರು.

"ನಮ್ಮ ಲಗ್ನದಾಗ ನಮ್ಮಪ್ಪನೂ ಇವರಿಗೆ ಒಂದು ಕೋಟ್ ಹೊಲಿಸಿದ್ದ," ಎಂದರು ಉಸಿರು ತಿರುಗಿದ ಮೇಲೆ. "ಅಕ್ಷತಾ ಬೀಳೂದೇ ತಡ, ಹಿಂಗೇ, ಮೊದಲ ಈ ಹೆಗಲು, ಆಮ್ಯಾಲ ಈ ಹೆಗಲು. ಕಳದು ನನ್ನ ತೊಡಿ ಮ್ಯಾಲ ಇಟ್ರು. ಸೆಕಿ ಆಗತದ, ಹಿಡಕೋ ಅಂದ್ರು. ಅವರು ನನ್ನ ಕೂಡ ಆಡಿದ ಮೊದಲನೇ ಮಾತು ಅದೇ."

ಧನರಾಜ ಇದನ್ನು ಹಿಂದೆಂದೂ ಕೇಳಿರಲಿಲ್ಲವಂತೆ. ತಾಯಿಯ ಕೈಯಿಂದ ಕಾರ್ಡುಗಳನ್ನು ತೆಗೆದುಕೊಂಡು, "ಆಯ್ತು. ಅಂಗಿ ಹಾಕ್ಕೊಂಡಿದ್ದೇ ಹೊಡೀರಿ," ಎಂದರು. ರಫೀಕ್ ಭಾಯಿ ಹಳೆಯ ಫೋಟೋ ಹಾಕಿದರು. ನಾನು ಮಷಿನ್ ಮುಟ್ಟಲೇ ಇಲ್ಲ. ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಒಂದು ಬಣ್ಣವೂ ಸರಿಯಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಫೈಲ್ ಕೆಟ್ಟಿತ್ತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ನಮ್ಮ ಕಸುಬಿನ ಹಿರಿಯರೊಬ್ಬರು ಹೇಳಿದ್ದೂ ಅದನ್ನೇ. ಆದರೆ ಕೆಲವು ವಾರಗಳ ಬಳಿಕ ಪೇಪರ್ ಸಿಕ್ಕಿಕೊಂಡಿದೆ ಎಂದು ರಫೀಕ್ ಭಾಯಿ ಮತ್ತೆ ಕರೆದರು. ಕೆಲಸ ಮುಗಿಸಿದ ಮೇಲೆ ತಡೆಯಲಾಗದೆ ಆ ಕೋಟಿನ ಫೈಲನ್ನೇ ತೆಗೆಸಿ ಒಂದು ಪ್ರತಿ ಹೊಡೆಸಿದೆ. ಮಾಣಿಕಪ್ಪನವರ ಮೈಮೇಲೆ ಕೋಟು ನೆಟ್ಟಗೆ ಕೂತು ಬಂತು. ಟೈ ಕೂಡ ಎದೆಯ ನಡುಮಧ್ಯೆ.

ರಫೀಕ್ ಭಾಯಿ ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಅವತ್ತ ಮಂದಿ ಇದ್ರಲ್ರಿ. ಇವತ್ತ ಯಾರೂ ನೋಡಾಕತ್ತಿಲ್ಲ ಅಂತ ಹಾಕ್ಕೊಂಡಾರ."

ಅದನ್ನು ಹರಿಯಲು ನನಗೆ ಕೈ ಬರಲಿಲ್ಲ. ಮಂಠಾಳದ ಕಡೆ ಹೋದಾಗ ಧನರಾಜರಿಗೆ ಕೊಟ್ಟು, ನಡೆದದ್ದನ್ನು ನಡೆದಂತೆ ಹೇಳಿದೆ. ಅವರು ಬಾಗಿಲಲ್ಲೇ ನಿಂತು ಕಾರ್ಡನ್ನು ನೋಡಿದರು. ಹೆಬ್ಬೆರಳಿನಿಂದ ಕೋಟಿನ ಕಾಲರನ್ನು ಒಮ್ಮೆ ಸವರಿದರು. ಆಮೇಲೆ ಅದನ್ನು ಅಂಗಿಯ ಒಳಗೆ ಸೇರಿಸಿ, ಅಡುಗೆಮನೆಯ ಕಡೆ ಕಣ್ಣು ಹಾಯಿಸಿ, ದನಿ ತಗ್ಗಿಸಿದರು.

"ಅವ್ವಗ ಹೇಳಬ್ಯಾಡ್ರಿ," ಎಂದರು. "ಅಪ್ಪಗ ನಾಚಿಕಿ ಆಗತದ."