ಮಗಳು ಚಂದ ಓದಿದ ದಿನ

ಅವತ್ತಿನ ದಿನಚರಿಯಲ್ಲಿ ‘ಹೇಳಲು ಬಾಯಿ ತೆರೆದೆ, ಅವರು ಮುಂದಿನ ಮಗುವನ್ನು ಕರೆದರು’ ಎಂದು ಬರೆದುಕೊಂಡಿದ್ದೇನೆ. ಈಗ ಓದಿದರೆ ಆ ವಾಕ್ಯವನ್ನು ನಂಬಲಾಗುವುದಿಲ್ಲ. ಬಾಯಿ ತೆರೆದದ್ದು ನನಗೆ ನೆನಪಿಲ್ಲ.

ಮಗಳು ಆಗ ಒಂಬತ್ತನೆಯ ತರಗತಿ. ಕೇಳಿದ್ದನ್ನು ಮರೆಯುವವಳಲ್ಲ, ಆದರೆ ಅಚ್ಚಾದ ಸಾಲು ಅವಳಿಗೆ ದಕ್ಕುತ್ತಿರಲಿಲ್ಲ. ತಾನು ಬರೆದ ಪದವನ್ನೇ ಮರುಕ್ಷಣ ಓದಲಾಗುತ್ತಿರಲಿಲ್ಲ. ಹಂಸಭಾವಿಯ ಅವಳ ಶಾಲೆಯ ಹೆಡ್‌ಮಾಸ್ತರರು ನನ್ನನ್ನು ಕರೆಸಿ, ಹಿರೇಕೆರೂರಿನಲ್ಲಿ ಇಂಥ ಮಕ್ಕಳ ತಪಾಸಣಾ ಶಿಬಿರವಿದೆ ಎಂದರು. ಅಲ್ಲಿ ಪ್ರಮಾಣಪತ್ರ ಸಿಕ್ಕರೆ ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಪ್ರಶ್ನೆ ಓದಿ ಹೇಳಿ, ಉತ್ತರ ಬರೆದುಕೊಳ್ಳಲು ಒಬ್ಬರನ್ನು ಕೊಡುತ್ತಾರೆ. ಅದಿಲ್ಲದೆ ಅವಳು ಪಾಸಾಗುವುದು ಕಷ್ಟ ಎಂದು ಅವರೂ ಹೇಳಿದರು, ನನಗೂ ಗೊತ್ತಿತ್ತು.

ಅತ್ತೆಗೆ ಮಾತ್ರ ಸಿಟ್ಟು. “ಧಾರವಾಡದಾಗ ಅಷ್ಟ ವರ್ಷ ಓದಿ ಬಂದಾಕಿ ನೀ. ಹೆತ್ತ ಮಗಳಿಗೆ ಅಕ್ಷರ ಬರೂದಿಲ್ಲ ಅಂತ ಸರಕಾರದಿಂದ ಬರಸ್ಕೊಂಡ ಬರಾಕ ಹೊಂಟೀಯೇನು?” ಎಂದರು. ಆದರೂ ಹೊರಡುವ ಬೆಳಿಗ್ಗೆ ಮೊಮ್ಮಗಳಿಗೆ ತಲೆ ಬಾಚಿ, ಹಣೆಗೆ ವಿಭೂತಿ ಹಚ್ಚಿ, “ಅಲ್ಲಿ ಹೋಗಿ ನಮ್ಮ ಮರ್ಯಾದಿ ಕಳೀಬ್ಯಾಡವಾ, ಗಟ್ಟಿಯಾಗಿ ಹೇಳು” ಎಂದು ಕಳಿಸಿದರು. ನಾನೂ ಅದನ್ನೇ ಮಾಡಿದೆ. ಶಾಲೆಯ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿದೆ, ಚೀಲದಲ್ಲಿ ಕನ್ನಡ ಪುಸ್ತಕ ಇಟ್ಟೆ. ಪುಸ್ತಕ ತರಲು ಯಾರೂ ಹೇಳಿರಲಿಲ್ಲ. ಪರೀಕ್ಷೆ ಎಂದ ಮೇಲೆ ತಯಾರಿ ಬೇಕು ಎಂಬುದರಾಚೆ ನನ್ನ ತಲೆ ಹೋಗಲಿಲ್ಲ.

ಶಿಬಿರ ನಡೆದದ್ದು ಒಂದು ಶಾಲೆಯ ಕೋಣೆಯಲ್ಲಿ. ಹೊರಗೆ ಉದ್ದ ಸಾಲು. ನಮ್ಮ ಸರದಿ ಬಂದಾಗ ಮಧ್ಯಾಹ್ನ ಮೀರಿತ್ತು. ತಪಾಸಣೆ ಮಾಡುತ್ತಿದ್ದ ಮೇಡಂ ಒಬ್ಬರೇ, ದಣಿದಿದ್ದರು. ಓದಿಸುವ ಹಾಳೆಗಳು ಮೇಜಿನ ಮೇಲೆ ಕಾಣಲಿಲ್ಲ. “ಪುಸ್ತಕ ತಂದೀರೇನ್ರಿ?” ಎಂದು ಕೇಳಿದರು. ಕೊಟ್ಟೆ. ಅವರು ತೆರೆದ ಪುಟದಲ್ಲಿ ಒಂದು ವಚನವಿತ್ತು.

ನಮ್ಮ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಅತ್ತೆ ವಚನ ಹೇಳುತ್ತಾರೆ, ಮಗಳು ಹಿಂದೆ ಹಿಂದೆ ಹೇಳುತ್ತಾಳೆ. ಮಾತು ಬಂದಾಗಿನಿಂದಲೂ ಹಾಗೆಯೇ. ಆ ಪುಟದ ವಚನವೂ ಅವುಗಳಲ್ಲೊಂದು. ಮೊದಲ ಪದದ ಆಕಾರವನ್ನು ಹೇಗೋ ಗುರುತಿಸಿರಬೇಕು. ಅಥವಾ ಪುಟದ ಚಿತ್ರವನ್ನು. ಅವಳು ಸಾಲಿನ ಮೇಲೆ ಬೆರಳಿಟ್ಟು, ಬೆರಳನ್ನು ಮೆಲ್ಲಗೆ ಸರಿಸುತ್ತಾ, ನಿಲ್ಲಿಸಬೇಕಾದಲ್ಲಿ ನಿಲ್ಲಿಸಿ, ಇಡೀ ವಚನ ಹೇಳಿದಳು. ಮಾತು ಮುಗಿದಾಗ ಬೆರಳು ಇನ್ನೂ ಒಂದು ಸಾಲು ಹಿಂದಿತ್ತು. ಅದನ್ನು ನಾನು ನೋಡಿದೆ. ಇದು ಮಾತ್ರ ಖಚಿತ.

ಮೇಡಂ ನಕ್ಕರು. “ಎಷ್ಟ ಚಂದ ಓದ್ತಾಳಲ್ರೀ! ಲಕ್ಷ್ಯ ಸ್ವಲ್ಪ ಕಡಿಮಿ ಇರಬೇಕು. ಮನ್ಯಾಗ ಕುಂದ್ರಿಸಿಕೊಂಡ ಬರಸ್ರಿ, ಸುಧಾರಿಸ್ತಾಳ.” ಫಾರ್ಮಿನಲ್ಲಿ ಏನೋ ಬರೆದು ಸಹಿ ಹಾಕಿದರು.

ಆ ಗಳಿಗೆಯಲ್ಲಿ ಒಂದು ಮಾತು ಸಾಕಿತ್ತು: ಇದು ಬಾಯಿಪಾಠ, ಬೇರೆ ಪುಟ ಓದಿಸಿ. ನಾನು ಯಾಕೆ ಹೇಳಲಿಲ್ಲ? ಮಗಳ ಮುಖ ಅರಳಿತ್ತು, ಅವಳೆದುರು ಹೇಗೆ ಹೇಳಲಿ ಎಂದುಕೊಂಡೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಈಗ ಅನ್ನಿಸುವುದು ಬೇರೆ. ಸಾಲಿನಲ್ಲಿ ನಿಂತ ತಾಯಂದಿರು ಬಾಗಿಲಿನಿಂದ ಇಣುಕುತ್ತಿದ್ದರು, ಮತ್ತು ನನಗೆ ಹೆಮ್ಮೆಯಾಗಿತ್ತು.

ಬಸ್ಸಿನಲ್ಲಿ ಅವಳು, “ಅವ್ವಾ, ನಾ ಪಾಸಾದ್ನಿಲ್ಲ?” ಎಂದಳು. “ಹೂಂ” ಎಂದೆ.

ಮರುವಾರ ಹೆಡ್‌ಮಾಸ್ತರರ ಬಳಿ ಹೋಗಿ ನಡೆದದ್ದೆಲ್ಲ ಹೇಳಿದೆ. ಅವರು ಶಿಬಿರದಿಂದ ಬಂದಿದ್ದ ಫಾರ್ಮನ್ನು ನನ್ನ ಮುಂದೆ ಸರಿಸಿದರು. ‘ನಿರರ್ಗಳವಾಗಿ ಓದುತ್ತಾಳೆ’ ಎಂದಿತ್ತು. “ಇಷ್ಟ ಸ್ಪಷ್ಟ ಬರದಾರ. ಈಗ ಓದಾಕ ಬರೂದಿಲ್ಲ ಅಂದ್ರ ಯಾರ ನಂಬ್ತಾರ್ರೀ ಅಕ್ಕಾರ? ಆಗ ಅಲ್ಲೇ ಇದ್ದಿರಲ್ಲ ನೀವು?” ಆದರೂ ಅವರೇ ಎರಡು ಅರ್ಜಿ ಬರೆದರು. ಮರುಪರೀಕ್ಷೆಗೆ ಕರೆ ಬರಲಿಲ್ಲ.

ಈಗ ಅವಳು ಹತ್ತನೆಯ ತರಗತಿ. ಪರೀಕ್ಷೆ ಹತ್ತಿರ ಬಂದಿದೆ. ನಾನು ಪಾಠ ಓದುತ್ತೇನೆ, ಅವಳು ಕಣ್ಣು ಮುಚ್ಚಿ ಕೇಳಿ ಒಪ್ಪಿಸುತ್ತಾಳೆ. ವಿಜ್ಞಾನ, ಸಮಾಜ, ಎಲ್ಲ ಬರುತ್ತದೆ ಅವಳಿಗೆ. ಪರೀಕ್ಷಾ ಕೋಣೆಯಲ್ಲಿ ಪ್ರಶ್ನೆ ಏನೆಂದು ಅವಳಿಗೆ ಯಾರೂ ಓದಿ ಹೇಳುವುದಿಲ್ಲ.